ಕಟ್ಟೆಮಳಲವಾಡಿ ರಸ್ತೆಯ ಡೀಸೆಲ್ ಪ್ಲೆಸರ್

1974ರಲ್ಲಿ ನಾನು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಿಗೆ ಮೋಟಾರು ವಾಹನ ನಿರೀಕ್ಷಕನಾಗಿದ್ದೆ. ತಿಂಗಳಿಗೊಮ್ಮೆ ಹುಣಸೂರಿನ ಪ್ರವಾಸಿ ಮಂದಿರದ ಅಂಗಳದಲ್ಲಿ ಕ್ಯಾಂಪ್ ನಡೆಸಿ, ಬಾಡಿಗೆ ವಾಹನಗಳನ್ನು ಪರೀಕ್ಷಿಸಿ, ಅವು ರಸ್ತೆಗೆ ಯೋಗ್ಯವೆಂದು ಎಫ್.ಸಿ. ಎಂಬ ಅರ್ಹತಾಪತ್ರ ಕೊಡುವುದು ನನ್ನ ಕೆಲಸ. ಅಲ್ಲಿ ನಾನು ಹಾಕಿದ ಒಂದು ಸಹಿಯ ವೃತ್ತಾಂತವಿದು. ಇದರಲ್ಲಿ ತಪ್ಪು ಮಾಡಿದವರು ಹಲವರು. ನನ್ನನ್ನು ಬಿಟ್ಟು ಉಳಿದವರ ತಪ್ಪನ್ನಷ್ಟೇ ಬರೆದರೆ ಅದು ಇನ್ನೊಂದು ತಪ್ಪಾಗುತ್ತದೆ.

ಪೆಟ್ರೋಲಿನ ಬೆಲೆ ಏಕಾಏಕಿ ಏರಿದ್ದ ಕಾಲ. ಹಳೆಯ ಕಾರುಗಳ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸುವುದು ಎಲ್ಲೆಡೆ ನಡೆದಿತ್ತು. ಅದು ತನ್ನಷ್ಟಕ್ಕೆ ಅಪರಾಧವಲ್ಲ. ಬದಲಾವಣೆಯನ್ನು ಕಚೇರಿಗೆ ತಿಳಿಸಬೇಕು, ವಾಹನವನ್ನು ತೋರಿಸಬೇಕು, ಹೊಸ ಎಂಜಿನ್ನಿನ ನಂಬರನ್ನು ಆರ್.ಸಿ. ಪುಸ್ತಕದಲ್ಲಿ ಬರೆಸಬೇಕು. ಹೊಗೆಯ ಬಗ್ಗೆಯೂ ನಿಯಮವಿತ್ತು: ತಪ್ಪಿಸಬಹುದಾದ ಹೊಗೆಯನ್ನು ವಾಹನ ಉಗುಳಕೂಡದು. ಆದರೆ ಅಳೆಯುವ ಯಂತ್ರ ನಮ್ಮಲ್ಲಿ ಇರಲಿಲ್ಲ. ನಿರೀಕ್ಷಕನ ಕಣ್ಣು ಮೂಗುಗಳೇ ಮಾಪಕ.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ನಮ್ಮ ಜೀಪು ಕಟ್ಟೆಮಳಲವಾಡಿಯನ್ನು ಸಮೀಪಿಸುತ್ತಿತ್ತು. ಹೊಗೆಸೊಪ್ಪನ್ನು ಬ್ಯಾರನ್ ಎಂಬ ಬೆಂಕಿಮನೆಗಳಲ್ಲಿ ಬೇಯಿಸುವ ಸುಗ್ಗಿ. ರಸ್ತೆ ಪಕ್ಕದಲ್ಲಿ ಹಳೆಯ ಸ್ಟೇಷನ್ ವ್ಯಾಗನ್ ಟ್ಯಾಕ್ಸಿಯೊಂದು ನಿಂತಿತ್ತು. ಆ ಸೀಮೆಯ ಹಳ್ಳಿಗರು ಕಾರಿಗೆಲ್ಲ ‘ಪ್ಲೆಸರ್’ ಎನ್ನುತ್ತಿದ್ದರು. ಅದರಿಂದಿಳಿದ ಹನ್ನೊಂದು ಹೆಂಗಸರಲ್ಲಿ ಮೂವರು ವಾಂತಿ ಮಾಡುತ್ತಿದ್ದರು. ಐದು ತಿಂಗಳ ಬಸುರಿಯೊಬ್ಬಳು ಪ್ರಜ್ಞೆಯಿಲ್ಲದೆ ತಾಯಿಯ ತೊಡೆಯ ಮೇಲೆ ಮಲಗಿದ್ದಳು. ಅವಳು ಸಣ್ಣಮ್ಮ, ತಾಯಿ ಕಾಳಮ್ಮ. ಎಲ್ಲರೂ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಬುಡಕಟ್ಟು ಹಾಡಿಯವರು, ಸೊಪ್ಪು ಕಟ್ಟುವ ಕೂಲಿಗೆ ಬರುತ್ತಿದ್ದವರು. ಗಾಡಿಯೂ ಬ್ಯಾರನ್ನೂ ಪುಟ್ಟೇಗೌಡರವು. ಗಾಡಿ ಓಡಿಸುತ್ತಿದ್ದವರೂ ಅವರೇ.

“ಏನಿಲ್ಲ ಕಣ್ರೀ ಸಾಹೇಬ್ರೆ,” ಎಂದರು ಗೌಡರು. “ಕಾಡ್ನೋರು, ಪ್ಲೆಸರ್ ಕುಂತು ರೂಢಿಯಿಲ್ಲ. ತಲೆ ತಿರುಗ್ತದೆ, ಅಷ್ಟೆ.”

ಕಾಳಮ್ಮ ತಲೆಯೆತ್ತಿದಳು. “ಮೂರು ವರ್ಸದಿಂದ ಕುಂತ್ಕಂಡು ಬತ್ತಾವ್ನಿ ಗೌಡ್ರೆ. ಆಗ ತಿರುಗ್ದಿದ್ ತಲೆ ಈಗ್ಯಾಕೆ ತಿರುಗ್ತದೆ? ಈ ಟ್ರಾಕ್ಟ್ರು ಇಂಜಿನ್ನು ಆಕಿಸ್ದ್ ಮ್ಯಾಲೇ ಅಲ್ವಾ ಇಂಗಾಗ್ತಿರೋದು?”

“ಸುಮ್ಕಿರಮ್ಮಿ! ಇಂಜಿನ್ ಇಚಾರ ನಿಂಗೇನ್ ಗೊತ್ತು?”

“ಇಂಜಿನ್ ಗೊತ್ತಿಲ್ಲ ಬುಡಿ. ಒಗೆ ಗೊತ್ತು. ನಿಮ್ ಬ್ಯಾರನ್ನಲ್ಲಿ ಬೇಯೋ ಸೊಪ್ಪಿಗಿಂತ ಮುಂಚೆ ನಾವೇ ಬೆಂದೋಗ್ತೀವಿ.”

ಸಣ್ಣಮ್ಮನನ್ನು ನಮ್ಮ ಜೀಪಿನಲ್ಲಿ ಹುಣಸೂರಿನ ಆಸ್ಪತ್ರೆಗೆ ಕಳಿಸಿ ನಾನು ಬಾನೆಟ್ ಎತ್ತಿದೆ. ಒಳಗಿದ್ದುದು ಡೀಸೆಲ್ ಎಂಜಿನ್. ಆದರೆ ಅದರ ಮೇಲಿನ ನಂಬರು ಆರ್.ಸಿ. ಪುಸ್ತಕದ ಪೆಟ್ರೋಲ್ ಎಂಜಿನ್ನಿನ ನಂಬರಿಗೆ ಅಕ್ಷರಶಃ ಹೊಂದುತ್ತಿತ್ತು. ಗ್ರೀಸ್ ಒರೆಸಿದಾಗ ಗುಟ್ಟು ಬಯಲಾಯಿತು. ಹಳೆಯ ಎಂಜಿನ್ನಿನಿಂದ ನಂಬರಿದ್ದ ತುಂಡನ್ನೇ ಕತ್ತರಿಸಿ ಹೊಸದಕ್ಕೆ ಬೆಸುಗೆ ಹಾಕಿದ್ದರು. ಡೀಸೆಲ್ ಎಂಜಿನ್ ಯಾವುದೋ ಗುಜರಿ ಟ್ರಾಕ್ಟರಿನದು, ಕಾಗದವಿಲ್ಲದ್ದು. ಅದರ ಹೊಗೆಬಾಯಿ ಹಳೆಯ ಸೈಲೆನ್ಸರ್ ಕೊಳವೆಗೆ ಎದುರು ಮಗ್ಗುಲಿನಲ್ಲಿತ್ತು. ಹೊಸ ಕೊಳವೆ ಎಳೆಯುವ ಗೋಜಿಗೆ ಹೋಗದೆ ಗಾಡಿಯ ನಡುವಿನಲ್ಲೇ, ನೆಲದ ಹಲಗೆಯ ಅಡಿಯಲ್ಲೇ ಒಂದು ಮೋಟು ಕೊಳವೆಯಿಂದ ಹೊಗೆ ಬಿಟ್ಟಿದ್ದರು. ಹಲಗೆಯಲ್ಲಿ ಬಿರುಕು. ಒಡೆದ ಹಿಂಬದಿಯ ಗಾಜಿಗೆ ಟಾರ್ಪಾಲು ಬಿಗಿದಿದ್ದರಿಂದ ಬಿರುಕಿನಿಂದ ಒಳಬಂದ ಹೊಗೆಗೆ ಹೊರದಾರಿಯಿರಲಿಲ್ಲ. ಎಂಜಿನ್ ಚಾಲೂ ಮಾಡಿಸಿ ಒಳಗೆ ಕುಳಿತೆ. ಐದು ನಿಮಿಷಕ್ಕೆ ಹೊರಬಿದ್ದೆ.

ಎಫ್.ಸಿ. ತೋರಿಸಿ ಎಂದೆ. ಗೌಡರು ತಡಮಾಡದೆ ಕೊಟ್ಟರು. ಅದರ ಕೆಳಗೆ ನನ್ನ ಸಹಿ ಇತ್ತು. ಏಳು ವಾರಗಳ ಹಿಂದಿನದು.

ಇದು ಹೇಗಾಯಿತೆಂದು ಹೇಳಬೇಕು. ಅಚ್ಚೊತ್ತಿದ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿಗಳು ಮೂಡುತ್ತವೆ. ಪೆನ್ಸಿಲ್ ಪ್ರಿಂಟ್ ಎನ್ನುವ ಅದನ್ನು ನಿರೀಕ್ಷಕನೇ ಬಗ್ಗಿ ತೆಗೆದು ಅರ್ಜಿಗೆ ಅಂಟಿಸಬೇಕು. ನಮ್ಮ ಕ್ಯಾಂಪಿನಲ್ಲಿ ಬೇರೊಂದು ಪದ್ಧತಿ ಬೆಳೆದಿತ್ತು. ಇಸ್ತ್ರಿ ಮಾಡಿದ ಖಾಕಿ ತೊಟ್ಟ ಅಧಿಕಾರಿ ಗ್ರೀಸಿಗೆ ಕೈಹಾಕುವುದು ಮೆಕ್ಯಾನಿಕ್‌ಗಳಿಗೆ ಅಪಚಾರವಾಗಿ ತೋರುತ್ತಿತ್ತು. “ತಾವು ಬಗ್ಗಬ್ಯಾಡಿ ಸ್ವಾಮಿ, ಬಟ್ಟೆ ಕೊಳೆಯಾಯ್ತದೆ” ಎಂದು ಅವರೇ ಪ್ರಿಂಟ್ ತೆಗೆದು ಎರಡು ಕೈಯಲ್ಲಿ ಹಿಡಿದು ತರುತ್ತಿದ್ದರು. ಆ ಮರ್ಯಾದೆಯನ್ನು ನಾನು ಸ್ವೀಕರಿಸುತ್ತ ಬಂದಿದ್ದೆ. ಆ ಎಫ್.ಸಿ. ಕೊಟ್ಟ ದಿನ ಮಳೆಯಿತ್ತು. ವ್ಯಾಗನ್ ಸಾಲಿನ ಕೊನೆಯಲ್ಲಿತ್ತು. ಟೈರು, ದೀಪ ನೋಡಿದೆ, ಮೆಕ್ಯಾನಿಕ್ ತಂದ ಪ್ರಿಂಟು ಪುಸ್ತಕದ ನಂಬರಿಗೆ ಹೊಂದಿದ್ದರಿಂದ ಸಹಿ ಹಾಕಿದೆ; ಬಾನೆಟ್ ಎತ್ತಲಿಲ್ಲ, ಎಂಜಿನ್ ಚಾಲೂ ಮಾಡಿಸಲಿಲ್ಲ. ಮಾಡಿಸಿದ್ದರೆ ಕುರುಡನಿಗೂ ತಿಳಿಯುತ್ತಿತ್ತು.

ಗೌಡರು ನನ್ನನ್ನು ಪಕ್ಕಕ್ಕೆ ಕರೆದರು. ಅವರ ದನಿಯಲ್ಲಿ ಬೆದರಿಕೆಗಿಂತ ಅನುಕಂಪವೇ ಹೆಚ್ಚಿತ್ತು. “ಕೇಸ್ ಆಕಿ ಸಾಹೇಬ್ರೆ, ಬ್ಯಾಡ ಅನ್ನಲ್ಲ. ಆದ್ರೆ ಆ ಕಾಗ್ದದಲ್ಲಿ ನಿಮ್ ಸೈನೂ ಐತೆ, ನೋಡ್ಕಳಿ.”

ನಾನು ಗಾಡಿಯನ್ನು ಜಪ್ತಿ ಮಾಡಿದೆ. ಬದಲಾವಣೆ ಮುಚ್ಚಿಟ್ಟದ್ದು, ನಂಬರು ಬೆಸೆದದ್ದು, ಕೊಳವೆ ಮೊಟಕುಗೊಳಿಸಿದ್ದು, ಮಿತಿಮೀರಿ ಜನರನ್ನು ತುಂಬಿದ್ದು ಎಲ್ಲವನ್ನೂ ವರದಿಯಲ್ಲಿ ಬರೆದೆ. ಕೊನೆಯಲ್ಲಿ, ಪರೀಕ್ಷಿಸದೆ ಎಫ್.ಸಿ. ಕೊಟ್ಟ ನಿರೀಕ್ಷಕ ಎಂದು ನನ್ನ ಹೆಸರು ಸೇರಿಸಿದೆ. ಗೌಡರಿಗೆ ನ್ಯಾಯಾಲಯ ದಂಡ ವಿಧಿಸಿತು. ನನಗೆ ಮೇಲಧಿಕಾರಿಗಳಿಂದ ವಾಗ್ದಂಡನೆಯಾಯಿತು. ಸಣ್ಣಮ್ಮ ಎರಡೇ ದಿನದಲ್ಲಿ ಆಸ್ಪತ್ರೆಯಿಂದ ಮನೆಗೆ ಹೋಗಿದ್ದಳು. ನ್ಯಾಯ ನಡೆಯಿತೆಂದು ನಾನು ನಂಬಿದ್ದೆ.

ಮುಂದಿನ ಕ್ಯಾಂಪಿನ ದಿನ ಕಾಳಮ್ಮ ಬೆಳಗಿನ ಜಾವವೇ ಎದ್ದು ನಡೆದು ಹುಣಸೂರಿಗೆ ಬಂದಿದ್ದಳು. ಕುಳಿತುಕೊಳ್ಳಮ್ಮ ಎಂದರೂ ಕೂರಲಿಲ್ಲ.

“ಒಗೆ ನಿಲ್ಸುದ್ರಿ, ಸರಿ ಸ್ವಾಮಿ. ಕೂಲಿನೂ ನಿಂತೋಯ್ತಲ್ಲ? ಗಾಡಿಯಿಲ್ದೆ ದಿನಾ ಅಷ್ಟು ದೂರ ಯಂಗೋಗೋದು? ಗೌಡ್ರ ತಪ್ಪು ಬರುದ್ರಿ, ನಿಮ್ ತಪ್ಪೂ ಬರ್ಕಂಡ್ರಂತೆ. ನಮ್ದೇನು ತಪ್ಪು ಅಂತ ಬರುದ್ರಿ?”

ವರದಿಯ ಯಾವ ಕಲಮಿನಲ್ಲೂ ಹನ್ನೊಂದು ಹೆಂಗಸರ ಕೂಲಿಗೆ ಜಾಗವಿರಲಿಲ್ಲ. ಬೇರೊಂದು ವಾಹನಕ್ಕೆ ತಾತ್ಕಾಲಿಕ ಪರ್ಮಿಟ್ ಕೊಡಬೇಕೆಂದು ಅಂದೇ ಮೈಸೂರಿನ ಮೇಲಿನ ಕಚೇರಿಗೆ ಬರೆದೆ. ಜಪ್ತಿಯ ದಿನವೇ ಬರೆಯಬೇಕಿತ್ತು, ಹೊಳೆದಿರಲಿಲ್ಲ. ಒಪ್ಪಿಗೆ ಬಂದಾಗ ಬ್ಯಾರನ್‌ಗಳ ಬೆಂಕಿ ಆರಿತ್ತು. ಹಾಡಿಯ ಆ ವರ್ಷದ ದುಡಿಮೆ ಹೋಯಿತು. ಆ ವಿಳಂಬವೂ ತಪ್ಪೇ, ಅದಕ್ಕೆ ಯಾರಿಗೂ ದಂಡವಾಗಲಿಲ್ಲ.

ಮರುವರ್ಷ ಗೌಡರು ಕಾಗದಪತ್ರವಿದ್ದ ಡೀಸೆಲ್ ಎಂಜಿನ್ ಕೂರಿಸಿ, ಕೊಳವೆಯನ್ನು ಹಿಂದಿನ ತುದಿಯವರೆಗೆ ಎಳೆಸಿ ಗಾಡಿಯನ್ನು ಪರೀಕ್ಷೆಗೆ ತಂದರು. ನಾನು ಬಗ್ಗಿ ಪ್ರಿಂಟ್ ತೆಗೆದೆ. ಅನಂತರ, ಮೊದಲೇ ಹೇಳಿಕಳಿಸಿ ಕರೆಸಿದ್ದ ಕಾಳಮ್ಮನೊಂದಿಗೆ ಹಿಂದಿನ ಸೀಟಿನಲ್ಲಿ ಕುಳಿತು ಕಟ್ಟೆಮಳಲವಾಡಿಯವರೆಗೆ ಹೋಗಿಬಂದೆ. ಉದ್ದಕ್ಕೂ ಅವಳು ಸೆರಗನ್ನು ಮೂಗಿನ ಹತ್ತಿರವೇ ಹಿಡಿದಿದ್ದಳು. ಹಿಂತಿರುಗುವಾಗ ಕೆಳಗಿಳಿಸಿದಳು.

“ಈಗ ಆಕಿ ಸ್ವಾಮಿ, ಸೈನು.”

“ಸಣ್ಣಮ್ಮನೂ ಬರ್ತಾಳಾ ಈ ಸಲ?” ಎಂದು ಕೇಳಿದೆ.

“ಕೂಸು ಚೆಂದಾಗದೆ. ಅವ್ಳು ಮಾತ್ರ ಪ್ಲೆಸರ್ ಅತ್ತಲ್ಲ. ನೀವು ನೂರು ಸೈನ್ ಆಕುದ್ರೂ ಅತ್ತಲ್ಲ.”

ಆಮೇಲಿನ ಸೇವಾವಧಿಯಲ್ಲಿ ಹಿಂದಿನ ಸೀಟಿನಲ್ಲಿ ಕೂರದೆ, ಎಂಜಿನ್ ಓಡಿಸದೆ ಯಾವ ಪ್ರಯಾಣಿಕ ವಾಹನಕ್ಕೂ ನಾನು ಎಫ್.ಸಿ. ಕೊಡಲಿಲ್ಲ. ವಾಹನವೊಂದನ್ನು ಜಪ್ತಿ ಮಾಡುವ ಮುನ್ನ ಅದರಲ್ಲಿ ನಾಳೆ ಯಾರು ಹೋಗಬೇಕಿತ್ತೆಂದು ಕೇಳದೆ ಇರಲಿಲ್ಲ. ಮೊದಲನೆಯದನ್ನು ಕಾನೂನು ಮೊದಲೇ ಹೇಳಿತ್ತು, ನಾನು ಕೇಳಿಸಿಕೊಂಡಿರಲಿಲ್ಲ. ಎರಡನೆಯದನ್ನು ಕಾಳಮ್ಮ ಕಲಿಸಿದಳು. ಆ ಪಾಠಕ್ಕೆ ತೆತ್ತವಳು ನಾನಲ್ಲ, ಅವಳು.