ಬೆರಕೆ ಚೀಟಿ

ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಆಫೀಸಿಗೆಲ್ಲ ಅವರು ನಿಧಾನಕ್ಕ. ಒಂದು ಇಮೇಲಿಗೆ ಉತ್ತರ ಬರೆಯಲು ಅರ್ಧ ದಿನ ಬೇಕು. ಮೀಟಿಂಗ್ ಮುಗಿದು ಎಲ್ಲರೂ ಬಾಗಿಲು ದಾಟಿದ ಮೇಲೆ ಅವರದೊಂದು ಪ್ರಶ್ನೆ ಏಳುತ್ತಿತ್ತು. ಪಕ್ಕದ ಮೇಜಿನಲ್ಲಿ ಒಂಬತ್ತು ವರ್ಷ ಕೂತ ನಾನು, ಅವರ ಕೀಬೋರ್ಡಿನ ಸದ್ದು ನಿಂತಾಗ ಏನಾಯಿತೋ ಎಂದು ಬಗ್ಗಿ ನೋಡಿದ್ದೂ ಉಂಟು. ಏನೂ ಆಗಿರುತ್ತಿರಲಿಲ್ಲ. ಬರೆದದ್ದನ್ನೇ ಮತ್ತೆ ಓದುತ್ತಿರುತ್ತಿದ್ದರು, ಅಷ್ಟೆ.

ನಮ್ಮ ಕಂಪನಿ ಮಾಡುತ್ತಿದ್ದದ್ದು ಚೀಟಿ ಪ್ರಿಂಟರು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ಟ್ಯೂಬಿಗೆ ಅಂಟಿಸುತ್ತಾರಲ್ಲ, ಹೆಸರು ಮತ್ತು ನಂಬರಿರುವ ಪುಟ್ಟ ಚೀಟಿ, ಅದನ್ನು ಅಚ್ಚು ಹಾಕುವ ಯಂತ್ರ. ಅದರೊಳಗೊಂದು ಚಿಕ್ಕ ಕಂಪ್ಯೂಟರಿದೆ. ಅಚ್ಚಿನ ಭಾಗಕ್ಕೆ ಏನು ಮಾಡಬೇಕೆಂದು ಹೇಳಿ ಮಾಡಿಸುವ ತಂತ್ರಾಂಶವೇ ಡ್ರೈವರ್. ಅದನ್ನು ಬರೆದವರು ನಿಧಾನಕ್ಕ.

ಹೊಸ ಮಾದರಿ ಮಾರುಕಟ್ಟೆಗೆ ಹೋಗಿ ನಾಲ್ಕು ತಿಂಗಳಾಗಿತ್ತು. ಒಂದು ಆಸ್ಪತ್ರೆಯಲ್ಲಿ ಎಪ್ಪತ್ತೆಂಟರ ಅಜ್ಜನೊಬ್ಬನಿಗೆ ಗರ್ಭಿಣಿ ಎಂಬ ವರದಿ ಬಂತು. ಚೀಟಿಯಲ್ಲಿ ಅಜ್ಜನ ಹೆಸರು, ಕೆಳಗೆ ಇನ್ಯಾರದೋ ನಂಬರು. ನಕ್ಕವರು ನಕ್ಕರು. ರಕ್ತದ ಗುಂಪು ಹೀಗೆ ಅದಲುಬದಲಾಗಿದ್ದರೆ ನಗಲು ಅಜ್ಜ ಉಳಿಯುತ್ತಿರಲಿಲ್ಲ ಎಂದು ಹೊಳೆದಾಗ ನಗು ನಿಂತಿತು. ಯಂತ್ರವನ್ನು ಯಾರು ಬೈಯುತ್ತಾರೆ? ಲ್ಯಾಬಿನ ಮುಖ್ಯಸ್ಥರು, ಪರೀಕ್ಷೆಗೆ ಬಂದವರ ಚೀಟಿ ತೆಗೆಯುವ ಕಿಟಕಿಯಲ್ಲಿ ಕೂರುತ್ತಿದ್ದ ಟೆಕ್ನೀಷಿಯನ್ ಹೆಂಗಸನ್ನು ಎಲ್ಲರೆದುರು ಗದರಿ ಫೈಲ್ ರೂಮಿಗೆ ಹಾಕಿದರು. ಆಕೆಯ ಕೈ ಬಹಳ ಚುರುಕು, ಅವಸರದಲ್ಲಿ ಎಡವಟ್ಟು ಮಾಡಿದ್ದಾಳೆ ಎಂಬುದು ತೀರ್ಪು.

ದೂರು ನಮ್ಮಲ್ಲಿಗೂ ಬಂತು. ನಾವು ಸರದಿಯಲ್ಲಿ ಕೂತು ಸಾವಿರ ಚೀಟಿ ತೆಗೆದೆವು. ಒಂದೂ ತಪ್ಪಿಲ್ಲ. ಚೀಟಿ ಹರಿಯಲೂ ಒಂದು ಸಲಕರಣೆ ಕಟ್ಟಿ ಯಂತ್ರವನ್ನು ರಾತ್ರಿ ಹಗಲು ತಾನಾಗಿ ಓಡಲು ಬಿಟ್ಟಾಗ ಮಾತ್ರ ಒಂದೇ ಒಂದು ಬೆರಕೆ ಚೀಟಿ ಬಂತು. ಒಳಗೆ ಏನಾಗುತ್ತಿದೆ ನೋಡೋಣವೆಂದು ನಿಧಾನಕ್ಕ ಡ್ರೈವರಿನಲ್ಲಿ ಅಲ್ಲಲ್ಲಿ ಸಂದೇಶ ಬರೆಯುವ ಸಾಲು ಸೇರಿಸಿದರು. ತಪ್ಪು ಮಾಯ!

ಮ್ಯಾನೇಜರಿಗೆ ಖುಷಿಯೋ ಖುಷಿ. “ಆ ಸಾಲುಗಳನ್ನ ಹಾಗೇ ಇಟ್ಟು ಕಳಿಸಿಬಿಡೋಣ ಬಿಡಿ.”

“ತಪ್ಪು ಹೋಗಿಲ್ಲ ಸಾರ್, ಬಚ್ಚಿಟ್ಕೊಂಡಿದೆ. ಆ ಸಾಲುಗಳಿಂದ ಡ್ರೈವರ್ ಕೂದಲೆಳೆಯಷ್ಟು ನಿಧಾನ ಆಗಿದೆ. ಅದಕ್ಕೇ ಕಾಣಿಸ್ತಿಲ್ಲ.”

“ನಿಧಾನ ಅಂದ್ರೆ ನಿಮಗೆ ಗೊತ್ತಿರ್ಬೇಕು ಬಿಡಿ,” ಎಂದ ಮ್ಯಾನೇಜರ್ ತಾವೇ ನಕ್ಕರು. ನಿಧಾನಕ್ಕ ಆ ಸಾಲುಗಳನ್ನು ಅಳಿಸಿದರು. ಮಾರನೆಯ ದಿನ ಆಸ್ಪತ್ರೆಯ ಫೈಲ್ ರೂಮಿನಿಂದ ಆ ಟೆಕ್ನೀಷಿಯನ್ನನ್ನೇ ಕರೆಸಿದರು.

ಆಕೆ ಬಂದವಳೇ ಕೈಚೀಲ ಎದೆಗವಚಿ ನಿಂತಳು. “ಇಲ್ಲೂ ನನ್ನ ತಪ್ಪು ಹಿಡಿಯೋಕೆ ಕರ್ಸಿದ್ರಾ?”

“ಇಲ್ಲಮ್ಮ, ನನ್ನ ತಪ್ಪು ಹಿಡಿಯೋಕೆ. ನಿಮ್ಮಂಥ ಕೈ ನಮ್ಮಲ್ಲಿ ಯಾರಿಗೂ ಇಲ್ಲ.”

ನಾವು ಗುಂಡಿ ಒತ್ತಿ, ಕಾದು, ಆಮೇಲೆ ಚೀಟಿ ಹರಿಯುತ್ತಿದ್ದೆವು. ಆಕೆಯ ಎಡಗೈ ಈ ಚೀಟಿ ಹರಿಯುವಾಗಲೇ ಬಲಗೈ ಮುಂದಿನದಕ್ಕೆ ಗುಂಡಿ ಒತ್ತಿಯಾಗಿರುತ್ತಿತ್ತು. ಇನ್ನೂರ ಹದಿಮೂರನೆಯ ಚೀಟಿ ಬೆರಕೆಯಾಗಿ ಬಂತು.

ನಿಧಾನಕ್ಕ ಮೂರು ದಿನ ಡ್ರೈವರ್ ಓದಿದರು. ಚೀಟಿಯ ವಿವರ ಇಡಲು ಅದರಲ್ಲಿ ಎರಡು ಖಾನೆ. ಚೀಟಿ ಹರಿದ ಸುದ್ದಿ ಬಂದಾಗ ಡ್ರೈವರು ಒಂದು ಖಾನೆಯಿಂದ ಇನ್ನೊಂದಕ್ಕೆ ಹೊರಳುತ್ತದೆ. ಒಂದು ಖಾನೆಯಲ್ಲಿ ಹೆಸರು ಬರೆದು ನಂಬರು ಬರೆಯುವಷ್ಟರಲ್ಲಿ ಆ ಸುದ್ದಿ ಬಂದರೆ, ನಂಬರು ಇನ್ನೊಂದು ಖಾನೆಯ ಹಳೆಯ ಹೆಸರಿನ ಕೆಳಗೆ ಹೋಗಿ ಕೂರುತ್ತದೆ. ಹಳೆಯ ಯಂತ್ರದಲ್ಲಿ ಒಂದೇ ಪ್ರೊಸೆಸರ್ ಇತ್ತು. ಬರೆದು ಮುಗಿಯುವವರೆಗೆ ಅದು ಯಾವ ಸುದ್ದಿಯನ್ನೂ ಕೇಳದಂತೆ ಮಾಡಿದರೆ ಸಾಕಿತ್ತು. ಹೊಸದರಲ್ಲಿ ಎರಡು. ಒಂದು ಕಿವಿ ಮುಚ್ಚಿ ಬರೆಯುತ್ತಿರುವಾಗ ಇನ್ನೊಂದು ಸುದ್ದಿ ಕೇಳಿ ಖಾನೆ ಹೊರಳಿಸಿಬಿಡುತ್ತಿತ್ತು. ಆ ಸಾಲುಗಳ ಮೇಲೆ ಬರೆದವರ ಹೆಸರಿತ್ತು. ಆರು ವರ್ಷದ ಹಿಂದಿನ ನಿಧಾನಕ್ಕ.

ಅವರು ಎದ್ದ ರಭಸಕ್ಕೆ ಕುರ್ಚಿ ಉರುಳಿಬಿತ್ತು. ಹಾಗೆ ಎದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಸಾರ್, ತಪ್ಪು ನಂದು,” ಎಂದರು ಮ್ಯಾನೇಜರ್ ಮುಂದೆ ನಿಂತು.

“ಪ್ರೊಸೆಸರ್ ಬದಲಾಯ್ಸಿದ್ದು ನಾವೆಲ್ಲ ಸೇರಿ ಅಲ್ವಾ?”

“ಬದಲಾದಾಗ ನಾನು ಮತ್ತೆ ಓದ್ಬೇಕಿತ್ತು. ಓದ್ಲಿಲ್ಲ.”

“ಆಯ್ತು, ಸದ್ದಿಲ್ಲದೆ ಸರಿಮಾಡಿ ಕಳಿಸಿ.”

“ಸದ್ದು ಮಾಡ್ಲೇಬೇಕು ಸಾರ್. ಆ ಹೆಣ್ಮಗಳನ್ನ ಫೈಲ್ ರೂಮಿಗೆ ಹಾಕಿದಾರೆ.”

ನಿಧಾನಕ್ಕ ಡ್ರೈವರಿನಲ್ಲಿ ಎರಡು ಪ್ರೊಸೆಸರಿಗೂ ಸೇರಿ ಒಂದು ಬೀಗ ಇಟ್ಟರು. ಅದು ಯಾವ ಪ್ರೊಸೆಸರಿನ ಕೈಯಲ್ಲಿದೆಯೋ ಅದೇ ಖಾನೆ ಮುಟ್ಟಬೇಕು. ಮೊದಲ ಪ್ರಯತ್ನದಲ್ಲಿ ಯಂತ್ರ ತನ್ನ ಕೈಯಲ್ಲೇ ಇದ್ದ ಬೀಗಕ್ಕಾಗಿ ತಾನೇ ಕಾಯುತ್ತ ಸ್ತಬ್ಧವಾಯಿತು. ನಾವು ಹೊಟ್ಟೆ ಹಿಡಿದು ನಕ್ಕೆವು. ಎರಡನೆಯ ಸಲ ಸರಿಹೋಯಿತು. ಟೆಕ್ನೀಷಿಯನ್ ಎರಡು ದಿನ ಬಂದು ನಾಲ್ಕು ಸಾವಿರ ಚೀಟಿ ಹರಿದಳು. ಬೆರಕೆಯಿಲ್ಲ. ಆಮೇಲೆ ನಿಧಾನಕ್ಕ ಹೊಸ ಯಂತ್ರ ಕೊಂಡ ಆಸ್ಪತ್ರೆಗಳಿಗೆಲ್ಲ ಪತ್ರ ಬರೆದರು. ಎರಡು ಪುಟದ ಪತ್ರಕ್ಕೆ ಹಿಡಿದದ್ದು ಒಂದು ವಾರ. ಮ್ಯಾನೇಜರ್ ಗೊಣಗುತ್ತಲೇ ಸಹಿ ಹಾಕಿದರು.

ಆ ಲ್ಯಾಬಿಗೆ ಮಾತ್ರ ಅವರೇ ಹೋದರು, ಜೊತೆಗೆ ನಾನೂ. ಮುಖ್ಯಸ್ಥರು ಪತ್ರ ಓದಿ, “ಸರಿ, ಸೋಮವಾರದಿಂದ ಆಕೆ ಕಿಟಕಿಗೆ ಬರ್ಲಿ,” ಎಂದರು.

“ಬೈದಿದ್ದು ಎಲ್ಲರ ಮುಂದೆ ಅಲ್ವಾ ಸಾರ್?” ಎಂದು ಕೇಳಿದ ನಿಧಾನಕ್ಕ ಅಲ್ಲೇ ನಿಂತರು. ಒಂದು ನಿಮಿಷವಾಯಿತು, ಎರಡಾಯಿತು. ಮುಖ್ಯಸ್ಥರು ಕನ್ನಡಕ ಒರೆಸಿಕೊಂಡರು, ಗಡಿಯಾರ ನೋಡಿದರು, ಕೊನೆಗೆ ಎದ್ದು ಹೊರಗೆ ಬಂದು ಇಡೀ ಲ್ಯಾಬಿಗೆ ಕೇಳುವಂತೆ ಹೇಳಿದರು: ತಪ್ಪು ಯಂತ್ರದ್ದು, ಆಕೆಯದಲ್ಲ.

ಫೈಲ್ ರೂಮಿನ ಬಾಗಿಲಿಗೆ ಬಂದು ನಿಂತಿದ್ದ ಟೆಕ್ನೀಷಿಯನ್ ತಲೆಯಾಡಿಸಿದಳು, ಸೋಮವಾರಕ್ಕೆ ಕಾಯಲಿಲ್ಲ. ಕಿಟಕಿಯ ಕುರ್ಚಿ ಎಳೆದುಕೊಂಡು, ಯಾರೋ ತಗ್ಗಿಸಿಟ್ಟಿದ್ದ ಅದರ ಎತ್ತರ ಸರಿಮಾಡಿಕೊಂಡು, ಸಾಲಿನಲ್ಲಿ ಮೊದಲು ನಿಂತವರನ್ನು ಕರೆದಳು.