‘ಮಾನ್ಯರೇ’ಗೊಂದು ಬೇರೆ ಚೌಕ

ಪುತ್ತೂರಿನಲ್ಲಿ ಪಂಚಾಯಿತಿ ಸಿಬ್ಬಂದಿಗೆ ನಡೆದ ತರಬೇತಿಯಲ್ಲಿ ಈ ಕತೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಕಡಬದಲ್ಲಿ ಮತ್ತೊಮ್ಮೆ ಹೇಳುವಾಗ ಅದು ಇನ್ನಷ್ಟು ಚಂದವಾಗಿತ್ತು. ಎರಡೂ ಸಲ ಹೇಳಿದ್ದು ಹೀಗೆ: ಗ್ರಾಮಸಭೆಯ ಹಿಂದಿನ ದಿನ ನೆಟ್‌ವರ್ಕ್ ಕೈಕೊಟ್ಟಿತು, ಒಬ್ಬ ಹೆಂಗಸಿನ ಅರ್ಜಿ ಶೀಟಿನಿಂದ ಮಾಯವಾಯಿತು, ನಾನು ಹುಡುಕಿ ತೆಗೆದೆ. ನೆನಪಿನಲ್ಲಿ ಈಗಲೂ ಹಾಗೇ ಇದೆ. ಆದರೆ ಇದನ್ನು ಬರೆಯಲು ಕೂತಾಗ ಆ ಶೀಟಿನಲ್ಲಿ ಉಳಿದಿರುವ ತಿದ್ದುಪಡಿಗಳ ಪಟ್ಟಿಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡಿದ್ದೇನೆ. ಯಾರು, ಯಾವ ಗಳಿಗೆಯಲ್ಲಿ, ಏನು ಬರೆದರು, ಏನು ಅಳಿಸಿದರು ಎಂಬುದೆಲ್ಲ ಅದರಲ್ಲಿದೆ. ನನ್ನ ನೆನಪಿನ ಬಗ್ಗೆ ಅದಕ್ಕೆ ಯಾವ ದಾಕ್ಷಿಣ್ಯವೂ ಇಲ್ಲ.

ನಾನು ಸುಳ್ಯ ತಾಲೂಕಿನ ಒಂದು ಪಂಚಾಯಿತಿಯಲ್ಲಿ ಕಂಪ್ಯೂಟರ್ ಆಪರೇಟರ್. ಆ ವರ್ಷ ನಮ್ಮ ಪಿಡಿಒ ಮೇಡಂ ಹೊಸ ಕ್ರಮ ತಂದರು. ಊರಿನ ಬೇಡಿಕೆಗಳು ಕಾಗದದಲ್ಲಿ ಬಂದು ಕಪಾಟು ಸೇರುವುದು ಬೇಡ. ಮೊಬೈಲಿನಲ್ಲಿ ಫಾರ್ಮ್ ತುಂಬಲಿ, ಎಲ್ಲವೂ ಒಂದೇ ಶೀಟಿಗೆ ಬಂದು ಬೀಳಲಿ, ಆ ಶೀಟನ್ನು ಊರಿನ ಯಾರು ಬೇಕಾದರೂ ನೋಡಲಿ. ಗ್ರಾಮಸಭೆಯ ದಿನ ಅದನ್ನೇ ಪ್ರೊಜೆಕ್ಟರಿನಲ್ಲಿ ಗೋಡೆಗೆ ಬಿಟ್ಟು ಯಾವ ಕೆಲಸ ಮೊದಲು ಎಂದು ಅಲ್ಲೇ ತೀರ್ಮಾನಿಸುವುದು. ಫಾರ್ಮ್ ಮಾಡಿದವನು ನಾನು. ಸಮಸ್ಯೆ ಬರೆಯುವ ಚೌಕಕ್ಕೆ ಇನ್ನೂರು ಅಕ್ಷರದ ಮಿತಿ ಹಾಕಿದವನೂ ನಾನೇ. ಉದ್ದ ಬರೆದರೆ ಗೋಡೆಯ ಮೇಲೆ ಕಾಣುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ.

ನಮ್ಮೂರಿನಲ್ಲಿ ಮಾತು ತುಳುವಿನಲ್ಲಿ, ಅರೆಭಾಷೆಯಲ್ಲಿ, ಬ್ಯಾರಿಯಲ್ಲಿ ನಡೆಯುತ್ತದೆ. ಸರಕಾರಕ್ಕೆ ಬರೆಯುವುದು ಮಾತ್ರ ಕನ್ನಡದಲ್ಲಿ, ಅದೂ ಅರ್ಜಿಯ ಕನ್ನಡದಲ್ಲಿ. ಜನ ಮೊಬೈಲಿನಲ್ಲೂ ಹಾಗೆಯೇ ಬರೆದರು. ‘ಮಾನ್ಯರೇ, ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಘನ ಸನ್ನಿಧಾನದಲ್ಲಿ ಅತ್ಯಂತ ವಿನಮ್ರವಾಗಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಶುರು. ತಂದೆಯ ಹೆಸರು, ಮನೆಯ ಹೆಸರು, ವಾರ್ಡು. ವಿಷಯ ಬರುವಷ್ಟರಲ್ಲಿ ಇನ್ನೂರು ಅಕ್ಷರ ಮುಗಿದಿರುತ್ತಿತ್ತು. ಶೀಟಿನ ಮುಕ್ಕಾಲು ಭಾಗ ಬರಿಯ ಕೈಮುಗಿಯುವಿಕೆ.

ಸಭೆಯ ಹಿಂದಿನ ಮಧ್ಯಾಹ್ನ ನಾನು ವಿಷಯವೇ ಕಾಣದ ಸಾಲುಗಳನ್ನು ತೆಗೆದು ಶೀಟನ್ನು ‘ಚೊಕ್ಕ’ ಮಾಡಿದೆ. ಪಟ್ಟಿಯಲ್ಲಿ ಅದು ಹೀಗಿದೆ: ಮೂರು ಗಂಟೆ ಹತ್ತು ನಿಮಿಷ, ನನ್ನ ಲಾಗಿನ್, ಹನ್ನೊಂದು ಸಾಲು ಅಳಿಸಲಾಗಿದೆ. ಅದರಲ್ಲಿ ಏಳನೆಯದು ಆ ಹೆಂಗಸಿನದು. ನೆಟ್‌ವರ್ಕ್ ಇತ್ತು. ಚೆನ್ನಾಗಿಯೇ ಇತ್ತು.

ಆಕೆ ತೋಡಿನ, ಅಂದರೆ ಹಳ್ಳದ, ಆಚೆ ದಡದ ಬ್ಯಾರಿ ಮನೆಯವರು. ಗಂಡ ಗಲ್ಫಿನಲ್ಲಿ, ಮನೆಯಲ್ಲಿ ಆಕೆ ಮತ್ತು ಕಾಯಿಲೆಯ ಅತ್ತೆ. ತೋಡು ದಾಟಲು ಇದ್ದ ಮರದ ಕಾಲುಸಂಕ ಹಿಂದಿನ ಮಳೆಗಾಲದಲ್ಲಿ ಕೊಚ್ಚಿಹೋಗಿತ್ತು. ಅತ್ತೆಗೆ ಉಸಿರು ಕಟ್ಟಿದ ದಿನ ನಾಲ್ಕು ಜನ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ರಬ್ಬರ್ ತೋಟ ಸುತ್ತಿ, ಗಂಟೆಗಟ್ಟಲೆ ಹೊತ್ತು ರಸ್ತೆ ಮುಟ್ಟಿಸಿದ್ದರು. ಈ ಸಲದ ಪಟ್ಟಿಗೆ ಸಂಕ ಸೇರದಿದ್ದರೆ ಇನ್ನೊಂದು ಮಳೆಗಾಲವೂ ಕುರ್ಚಿಯೇ ಗತಿ.

ಸಭೆಯಲ್ಲಿ ಆಕೆ ಗೋಡೆಯನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿ ಎದ್ದು ನಿಂತರು.

“ಅಣ್ಣಾ, ನನ್ನದು ಎಲ್ಲಿ ಉಂಟು? ಕಳಿಸಿದ ದಿನ ನಾನೇ ನೋಡಿದ್ದೆ, ಇತ್ತು.”

“ನೆಟ್‌ವರ್ಕ್‌ದು ಏನಾದ್ರೂ...” ಎಂದೆ. ಕತೆ ಅಲ್ಲಿಯೇ ಹುಟ್ಟಿತ್ತು.

“ಮತ್ತೆ ಉಳಿದವರದ್ದು ಹೇಗೆ ಉಂಟು? ನೆಟ್‌ವರ್ಕಿಗೆ ನಮ್ಮ ಮನೆ ಮೇಲೆ ಎಂತ ಸಿಟ್ಟು?”

ಪಿಡಿಒ ಮೇಡಂ ಮೌಸ್ ತೆಗೆದುಕೊಂಡು ತಿದ್ದುಪಡಿಗಳ ಪಟ್ಟಿ ತೆರೆದರು. ಊರಿನ ಗೋಡೆಯ ಮೇಲೆ, ಬಾಗಿಲಿನಷ್ಟು ದೊಡ್ಡದಾಗಿ, ನನ್ನ ಹೆಸರು.

ಸಭೆ ಮೌನವಾಯಿತು ಎಂದು ಈಗಷ್ಟೇ ಬರೆದು ಹೊಡೆದುಹಾಕಿದೆ. ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೋ ಇದೆ. ಅದರಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದಾರೆ. ನಾನು ನಗುತ್ತಿದ್ದೇನೆ. ಯಾಕೆ ನಕ್ಕೆನೋ ಗೊತ್ತಿಲ್ಲ.

ಮೇಡಂ ಸಾಲನ್ನು ವಾಪಸು ತಂದರು. ‘...ವಿನಂತಿಸಿಕೊಳ್ಳುವುದೇನೆಂದರೆ ನಮ್ಮ ಮನೆಯ ಮುಂದಿನ ತೋ’ ಎಂಬಲ್ಲಿಗೆ ನಿಂತಿತ್ತು.

ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕರೊಬ್ಬರು ಜೋರಾಗಿ ನಕ್ಕರು. ತೋಡಿನ ಈಚೆ ದಡದ ಅಡಿಕೆ ತೋಟದ ಗೌಡರು. ಕುರ್ಚಿ ಹೊತ್ತ ನಾಲ್ವರಲ್ಲಿ ಒಬ್ಬರು. “ಅಡ್ಡ ಬಿದ್ದು ಏಳುವಾಗ ಬಸ್ಸು ಹೋಯ್ತು ಮಾರಾಯ್ರೆ! ಈಗ ಬಾಯಲ್ಲಿ ಹೇಳಿ. ಏ ಆಪರೇಟರ, ನೀನು ಬರಿ.”

ಆಕೆ ಹೇಳಿದರು, ನಾನು ಬರೆದೆ. ಒಂದೊಂದು ಪದ ಗೋಡೆಯ ಮೇಲೆ ಮೂಡುವುದನ್ನು ಇಡೀ ಸಭೆ ನೋಡುತ್ತಿತ್ತು, ತಿದ್ದುತ್ತಿತ್ತು. ಸಂಕ ಎಷ್ಟು ಉದ್ದ ಬೇಕು ಎಂದು ಒಬ್ಬರು, ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಇನ್ನೊಬ್ಬರು. ಬರೆದು ಮುಗಿದ ಮೇಲೆ ಮೇಡಂ ಹೇಳಿದರು: “ಈಚೆ ಬದಿ ಕಂಬ ನಿಲ್ಲಿಸುವ ಜಾಗ ಪಟ್ಟಾ ಜಾಗ. ಒಪ್ಪಿಗೆ ಪತ್ರ ಇಲ್ಲದೆ ಪಟ್ಟಿಗೆ ಸೇರಿಸ್ಲಿಕ್ಕೆ ಆಗುದಿಲ್ಲ. ಗಟ್ಟಿ ಸಂಕದ ಬೇಡಿಕೆ ಹಿಂದೆಯೂ ಇದೇ ಕಾರಣಕ್ಕೆ ಬಿದ್ದುಹೋಗಿದೆ.”

“ಯಾರ ಜಾಗ?” ಎಂದರು ಗೌಡರು.

“ನಿಮ್ಮದು.”

“ನನ್ನದಾ? ನನ್ನ ಹತ್ರ ಯಾರು ಕೇಳಿದ್ದಾರೆ?”

ಯಾರೂ ಕೇಳಿರಲಿಲ್ಲ. ವರ್ಷಗಳಿಂದ ಆ ಕಡತದಲ್ಲಿ ‘ಒಪ್ಪಿಗೆ ಇಲ್ಲ’ ಎಂದಿತ್ತು. ಇಲ್ಲ ಎಂದವರು ಮಾತ್ರ ಯಾರೂ ಇರಲಿಲ್ಲ.

“ಬರಿ ಮಾರಾಯ, ಒಪ್ಪಿಗೆ ಉಂಟು ಅಂತ,” ಎಂದರು ಗೌಡರು. “ಎರಡು ಅಡಿಕೆ ಮರ ಹೋಗುದು ತಾನೆ. ಕುರ್ಚಿ ಹೊತ್ತ ಹೆಗಲು ನನ್ನದು, ಮರದ್ದಲ್ಲ.” ಅಲ್ಲೇ ಬಿಳಿ ಹಾಳೆಯಲ್ಲಿ ಸಹಿ ಹಾಕಿದರು. ಸಂಕ ಪಟ್ಟಿಗೆ ಸೇರಿತು.

ಸರಕಾರದ ಕೆಲಸಕ್ಕೆ ಇಂಥ ಸಲಕರಣೆ ಬೇಕೇ ಎಂದು ಬೇರೆ ಪಂಚಾಯಿತಿಯವರು ಕೇಳುತ್ತಾರೆ. ಬೇಕು ಎನ್ನುತ್ತೇನೆ, ಅನುಮಾನವಿಲ್ಲದೆ. ಅದು ಬುದ್ಧಿವಂತ ಎಂದಲ್ಲ. ಅಳಿಸಿದವನ ಹೆಸರು ಅದರಲ್ಲಿ ಉಳಿಯುತ್ತದೆ, ಅದಕ್ಕೆ. ಮತ್ತು ಅದನ್ನು ಊರಿನವರ ಮುಂದೆಯೇ ತೆರೆಯಬೇಕು. ಕಚೇರಿಯೊಳಗೆ ಮುಚ್ಚಿಟ್ಟ ಶೀಟು ಹಳೆಯ ಕಪಾಟಿಗಿಂತ ಕಡೆ.

ಮರುವರ್ಷದ ಫಾರ್ಮಿನಲ್ಲಿ ಒಂದು ಬದಲಾವಣೆ ಮಾಡಿದೆ. ಅರ್ಜಿಯ ಮಾತು ಬಿಟ್ಟು ನೇರ ವಿಷಯ ಬರೆಯಿರಿ ಎಂದು ಹೇಳಿ ನೋಡಿದ್ದೆವು, “ಮಾನ್ಯರೇ ಹೇಳದೆ ಹೇಗೆ ಕೇಳುದು, ನಾವು ಎಂತ ದಾರಿಯಲ್ಲಿ ಬಿದ್ದವರಾ?” ಎಂದರು ಊರಿನವರು. ಹಾಗಾಗಿ ‘ಮಾನ್ಯರೇ’ಗೆಂದೇ ಬೇರೆ ಚೌಕ ಕೊಟ್ಟೆ, ಅಕ್ಷರದ ಮಿತಿಯಿಲ್ಲದೆ. ವಿಷಯಕ್ಕೆ ಅದರ ಕೆಳಗೆ ಇನ್ನೊಂದು. ಜನ ಮೊದಲನೆಯದನ್ನು ಮನಸಾರೆ ತುಂಬುತ್ತಾರೆ, ಎರಡನೆಯದರಲ್ಲಿ ಬೇಕಾದ್ದನ್ನು ಹೇಳುತ್ತಾರೆ.

ಸಂಕ ಆಯಿತು. ಆಕೆಯ ಅತ್ತೆ ಈಗ ಅದರ ಮೇಲೆ ಕೋಲೂರಿಕೊಂಡು ನಡೆದೇ ರಸ್ತೆಗೆ ಬರುತ್ತಾರೆ. ಮೊನ್ನೆ ಶೀಟಿಗೆ ಆಕೆಯ ಹೊಸ ಸಾಲು ಬಂದಿದೆ. ‘ಮಾನ್ಯರೇ’ ಚೌಕ ಖಾಲಿ. ಕೆಳಗಿನದರಲ್ಲಿ ಇಷ್ಟೇ: ‘ಸಂಕದ ಕೈಕಂಬಿ ಒಂದು ಬದಿ ಅಲ್ಲಾಡ್ತದೆ. ಬಂದು ನೋಡಿ.’

ನಾನೇ ಹೋಗಿ ನೋಡಿದೆ. ಅಲ್ಲಾಡುತ್ತಿತ್ತು.