ಎರಡನೇ ಸಲ ಇನ್ನೂ ನಿಧಾನ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಕ್ಷಮಿಸಿ. ಶಾಲೆಯನ್ನು ನಡುವೆಯೇ ಬಿಟ್ಟವಳು, ಮಾತೂ ಕಡಿಮೆ. ಹರಿದು ಹರಿದು ಮತ್ತೆ ಬರೆದಿದ್ದೇನೆ. ಇನ್ನೂ ತಪ್ಪು ಉಳಿದಿದ್ದರೆ ನಮ್ಮ ಚರ್ಚಿನ ಸಭೆಯ ಪತ್ರಿಕೆಯವರು ತಿದ್ದಿಕೊಳ್ಳಲಿ. ನನ್ನ ಅಜ್ಜಿಯ ಸಿಟ್ಟನ್ನು ಮಾತ್ರ ತಿದ್ದುವುದು ಬೇಡ.

ಅವಳನ್ನು ಎಲ್ಲರೂ ಕರೆಯುವುದು ಮೈಕಮ್ಮ ಎಂದು. ಬಸ್ ನಿಲ್ದಾಣದ ಮೂಲೆಯಲ್ಲಿ ಬೆಂಕಿಪೊಟ್ಟಣದಂಥ ಗಾಜಿನ ಕೋಣೆ. ಅದರೊಳಗೆ ಕುಳಿತು ಯಾವ ಬಸ್ಸು ಎಲ್ಲಿಗೆ ಹೊರಡುತ್ತದೆಂದು ಮೈಕಿನಲ್ಲಿ ಹೇಳುತ್ತ ಹೇಳುತ್ತಲೇ ಅವಳ ತಲೆ ನರೆಯಿತು. ಆ ಕೆಲಸಕ್ಕೊಂದು ಕಟ್ಟಳೆ ಇತ್ತು: ಎಲ್ಲವನ್ನೂ ಎರಡು ಸಲ ಹೇಳಬೇಕು. ಬೇರೆಯವರು ಎರಡನೇ ಸಲ ಗಡಿಬಿಡಿಯಲ್ಲಿ ಉಗುಳಿಬಿಡುತ್ತಿದ್ದರು. ಮೈಕಮ್ಮ ಹಾಗಲ್ಲ. "ಮೊದಲನೇ ಸಲ ಕಿವಿ ಇದ್ದೋರಿಗೆ. ಎರಡನೇ ಸಲ ಗಂಟು ಹೊತ್ಕೊಂಡು ಓಡ್ತಿರೋರಿಗೆ, ಕಿವಿ ಮಂದ ಇರೋರಿಗೆ. ಅದು ಇನ್ನೂ ನಿಧಾನ ಇರ್ಬೇಕು" ಎನ್ನುತ್ತಿದ್ದಳು.

ಆಮೇಲೆ ಯಂತ್ರ ಬಂತು. ಅದರೊಳಗಿನ ಹುಡುಗಿಯ ದನಿ ಸಕ್ಕರೆ ಪಾಕದಂತಿತ್ತು; ಬಸ್ಸು ಕೆಟ್ಟು ನಿಂತಿದ್ದರೂ "ಈಗ ಹೊರಡಲಿದೆ" ಎಂದು ನಗುನಗುತ್ತಲೇ ಹೇಳುತ್ತಿತ್ತು. ಮೈಕಮ್ಮನಿಗೆ ಒಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. "ಕೆಲಸ ಕಿತ್ಕೊಂಡು ಗಡಿಯಾರ ಕೊಟ್ರಲ್ಲ! ಯಾವ ಹೊತ್ತಿಗೆ ಏನ್ ಮಾಡ್ಲಿ ಅಂತ?" ಎಂದು ಅದನ್ನು ಮಂಚದ ಕೆಳಗೆ ತಳ್ಳಿದಳು.

ಮನೆಯಲ್ಲಿ ಸೊಸೆ, ಅಂದರೆ ನನ್ನ ಅಮ್ಮ, ಕುಕ್ಕರನ್ನೂ ಮುಟ್ಟಲು ಬಿಡಲಿಲ್ಲ. "ಕೂತ್ಕೊಳ್ಳಿ ಅತ್ತೆ, ನಿಮಗ್ಯಾಕೆ" ಎನ್ನುವಳು. ಕುಳಿತು ಕುಳಿತು ಮೈಕಮ್ಮನ ಪ್ರಾರ್ಥನೆಯೇ ಬದಲಾಯಿತು. ಮಲಗುವ ಮುಂಚೆ ಕೈ ಜೋಡಿಸಿ ಒಂದೇ ಮಾತು: "ಕರ್ತನೇ, ನನ್ನ ಕೆಲಸ ಮುಗೀತು. ಕರ್ಕೊಂಡುಬಿಡು." ಅದೂ ಎರಡು ಸಲ. ಎರಡನೇ ಸಲ ನಿಧಾನವಾಗಿ, ಮೇಲಿರುವವನಿಗೆ ಕಿವಿ ಮಂದವೇನೋ ಎಂಬಂತೆ.

ಚರ್ಚಿನಲ್ಲೂ ಅದೇ ಕಥೆ. ಹಳೆಯದನ್ನು ಕೆಡವಿ ದೊಡ್ಡ ಸಭಾಂಗಣ ಕಟ್ಟಿಸಿದ್ದರು. ಆಳೆತ್ತರದ ಸ್ಪೀಕರುಗಳು, ಫಳಫಳ ಹೊಳೆಯುವ ನೆಲ. ವಯಸ್ಸಾದವರ ಬೆಂಚುಗಳನ್ನು ಮಾತ್ರ ಕಟ್ಟಕಡೆಗೆ, ಚಪ್ಪಲಿ ಗೂಡಿನ ಪಕ್ಕಕ್ಕೆ ಹಾಕಿದ್ದರು. ಮೇಲೊಂದು ಫಲಕ: "ಹಿರಿಯರಿಗೆ ಗೌರವದ ಸ್ಥಾನ".

"ಗೌರವ ಮುಂದಿರುತ್ತೋ ಹಿಂದಿರುತ್ತೋ?" ಎಂದು ಮೈಕಮ್ಮ ಸಭೆಯ ಕಾರ್ಯದರ್ಶಿಯನ್ನು ಕೇಳಿದಳು.

ಆತ ಇಸ್ತ್ರಿ ಅಂಗಿಯ ಮನುಷ್ಯ. ಅಂಗಿಯಂತೆ ನಗುವಿಗೂ ಮಡಿಕೆ ಬೀಳದು. "ಅಮ್ಮಾ, ಬಚ್ಚಲಿಗೆ ಹೋಗೋಕೆ ನಿಮಗೇ ಅನುಕೂಲ ಅಂತ. ದುಡಿದಿದ್ದು ಸಾಕು, ಆರಾಮಾಗಿ ಕೂತು ಪ್ರಾರ್ಥನೆ ಮಾಡಿ."

"ನಾನು ಬರೋದು ಬಚ್ಚಲಿಗಲ್ಲಪ್ಪಾ!"

ಆ ಬೆಂಚಿನಲ್ಲಿ ಅವಳ ಪಕ್ಕ ಕೂರುತ್ತಿದ್ದವನು ದರ್ಜಿ ತಾತ. ಹೊಲಿಗೆ ಯಂತ್ರದ ಸದ್ದಿನಲ್ಲೇ ಬದುಕಿ ಅವನ ಕಿವಿ ಹೋಗಿತ್ತು. ಬೇರೆಯವರು ಕೂಗಿ ಕೂಗಿ ಮಾತನ್ನು ಚೂರು ಮಾಡುತ್ತಿದ್ದರು. ಮೈಕಮ್ಮ ಬಿಡಿಸಿ ಹೇಳಿದರೆ ಮಾತ್ರ ಅವನಿಗೆ ತಿಳಿಯುತ್ತಿತ್ತು. ಒಂದು ಭಾನುವಾರ ಪಾದ್ರಿ ಅಯ್ಯನವರ ಉಪದೇಶ, ಆರಾಧನೆ ಎಲ್ಲ ಮುಗಿದ ಮೇಲೆ ಅವಳು ಕೇಳಿದಳು, "ಪ್ರಸಂಗ ಹೇಗಿತ್ತು?"

"ಯಾರಿಗೆ ಗೊತ್ತು ತಾಯಿ? ಈ ಹೊಸ ಹಾಲ್‌ನಲ್ಲಿ ಎಲ್ಲಾ ಡಬ್ಬಿಯೊಳಗೆ ಗುಂಡು ಉರುಳಿಸಿದ ಹಾಗೆ. ಮುಂದಿನೋರು ಆಮೆನ್ ಅಂದಾಗ ನಾನೂ ಬಾಯಾಡಿಸ್ತೀನಿ." ವೇದಿಕೆಯ ಕಡೆ ಕೈ ತೋರಿಸಿ ಹೇಳಿದ, "ನನ್ ಹೆಂಡ್ತಿ ತೀರ್ಕೊಂಡಾಗ ಇಲ್ಲೇ ಅಲ್ವಾ ಪೆಟ್ಟಿಗೆ ಇಟ್ಟಿದ್ದು? ಅಯ್ಯನವರು ಅವಳ ಬಗ್ಗೆ ಏನೇನು ಹೇಳಿದ್ರೋ, ಒಂದಕ್ಷರ ಕೇಳಿಸ್ಲಿಲ್ಲ. ಅದಕ್ಕೂ ಆಮೆನ್ ಅಂದೆ."

ಮೈಕಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಆ ದಿನ ಅವಳು ಅಲ್ಲೇ ಇದ್ದಳು. ಅವಳ ಕಿವಿಗೆ ಏನೂ ಆಗಿರಲಿಲ್ಲ. ಕಂಡಕ್ಟರುಗಳ ಗದ್ದಲದಲ್ಲಿ ಪಳಗಿದ ಕಿವಿ. ಪಕ್ಕದಲ್ಲೇ ಕುಳಿತು ತಾನು ಕೇಳಿಸಿಕೊಂಡಿದ್ದಳು, ಅವನು ಗಾಳಿಗೆ ಆಮೆನ್ ಹೇಳಿದ್ದ. ಹೆಂಡತಿಯ ಬಗ್ಗೆ ಅಯ್ಯನವರು ಅಂದು ಆಡಿದ ಮಾತುಗಳನ್ನು ನೆನಪಿದ್ದಷ್ಟೂ ಅಲ್ಲೇ ಕುಳಿತು ಅವನಿಗೆ ಹೇಳಿದಳು. ತಾತ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಲೇ ಇದ್ದ.

ಮುಂದಿನ ಭಾನುವಾರ ಅಯ್ಯನವರು ಓದಿದ್ದು ಬೈಬಲಿನ ಮುಪ್ಪಿನವರ ವಾಕ್ಯವನ್ನೇ. ತಲೆ ನರೆತ ಮೇಲೂ ನಾನು ನಿಮ್ಮನ್ನು ಹೊರುತ್ತೇನೆ ಎಂದು ದೇವರು ಹೇಳುವ ಮಾತು. ಮುಂದಿನ ಸಾಲಿನ ಕಪ್ಪು ತಲೆಗಳೆಲ್ಲ ಭಕ್ತಿಯಿಂದ ಅಲ್ಲಾಡಿದವು. ಹಿಂದಿನ ಸಾಲಿನ ಬಿಳಿ ತಲೆಗಳು ಏನೂ ಕೇಳಿಸದೆ ಅವರನ್ನು ನೋಡಿ ಅಲ್ಲಾಡಿದವು. ಯಾರ ಹೆಸರಿಗೆ ಬಂದ ಮಾತು, ಯಾರ ಮನೆಗೆ ಹೋಯಿತು!

ಮೈಕಮ್ಮ ಎದ್ದು ನಿಂತಳು. ಬೆನ್ನು ನೆಟ್ಟಗಾಯಿತು. ಬಾಯಿ ಹಳೇ ಅಭ್ಯಾಸಕ್ಕೆ ತಾನೇ ತೆರೆದುಕೊಂಡಿತು.

"ಪ್ರಯಾಣಿಕರ ಗಮನಕ್ಕೆ!"

ಇಡೀ ಸಭಾಂಗಣ ತಿರುಗಿ ನೋಡಿತು. ಹುಡುಗರು ಗೊಳ್ಳೆಂದು ನಕ್ಕರು. ಅವಳ ಮುಖ ಕೆಂಪಾಯಿತು, ಆದರೆ ಕೂರಲಿಲ್ಲ. ಹಿಂದಿನ ಬೆಂಚುಗಳ ಕಡೆ ತಿರುಗಿ ಆ ವಾಕ್ಯವನ್ನು ಒಮ್ಮೆ ಹೇಳಿದಳು. ಎರಡನೇ ಸಲ ಇನ್ನೂ ನಿಧಾನವಾಗಿ ಹೇಳಿದಳು.

"ಕೇಳಿಸ್ತು!" ದರ್ಜಿ ತಾತ ಕಿವುಡರು ಕೂಗುವ ಹಾಗೆ ಕೂಗಿದ. "ನನಗೆ ಕೇಳಿಸ್ತು ತಾಯಿ! ಆಮೆನ್!"

ಆರಾಧನೆ ಮುಗಿದ ಕೂಡಲೇ ಕಾರ್ಯದರ್ಶಿ ಅವಳನ್ನು ಅಯ್ಯನವರ ಕೋಣೆಗೆ ಕರೆಸಿದ. ನಗುವಿಗೆ ಈಗ ಮಡಿಕೆ ಬಿದ್ದಿತ್ತು. "ಇದು ಬಸ್ ಸ್ಟ್ಯಾಂಡಾ? ಶಿಸ್ತು ಬೇಡ್ವಾ? ಇನ್ನೊಂದ್ಸಲ ಹೀಗಾದ್ರೆ ನೀವು ಮನೇಲೇ ಪ್ರಾರ್ಥನೆ ಮಾಡ್ಕೋಬೇಕಾಗುತ್ತೆ!"

"ಬಸ್ ಸ್ಟ್ಯಾಂಡೇ ವಾಸಿ ಕಣಪ್ಪಾ. ಅಲ್ಲಿ ಕೊನೇ ಮುದುಕಿಗೂ ಕೇಳಿಸ್ಲಿ ಅಂತ ನನಗೆ ಸಂಬಳ ಕೊಡ್ತಿದ್ರು," ಎಂದಳು ಮೈಕಮ್ಮ. "ಅಯ್ಯನವರೇ, ವಾದ ಬೇಡ. ಒಂದ್ಸಲ ನಮ್ಮ ಬೆಂಚಲ್ಲಿ ಕೂತ್ಕೊಳ್ಳಿ. ಇವರು ಮೈಕಲ್ಲಿ ಮಾತಾಡ್ಲಿ."

ಅಯ್ಯನವರು ವಯಸ್ಸಿನಲ್ಲಿ ಅವಳ ಮಗನಷ್ಟಿದ್ದರು. ಎದ್ದು ಹೋಗಿ ಚಪ್ಪಲಿ ಗೂಡಿನ ಪಕ್ಕ ಕುಳಿತರು. ಕಾರ್ಯದರ್ಶಿ ಮುಂದೆ ನಿಂತು ಕೈ ಬೀಸಿ ಬೀಸಿ ಮಾತಾಡಿದ. ಗೋಡೆಗಳು ಗುಂಯ್‌ಗುಟ್ಟಿದವು.

ಅಯ್ಯನವರು ಮೈಕಮ್ಮನ ಕಡೆ ಬಾಗಿದರು. "ಏನಂದ್ರು?"

"ಹಿರಿಯರಿಗೆ ಏನೂ ಕಮ್ಮಿ ಮಾಡಿಲ್ಲ ಅಂದ್ರು."

ಅಯ್ಯನವರು ನಗಲಿಲ್ಲ. ತಲೆಯೆತ್ತಿ ಮೇಲಿನ ಫಲಕವನ್ನು ಓದಿದರು. ಆಮೇಲೆ, "ವೇದಿಕೆ ಪಕ್ಕದ ಕೋಣೆಗೆ ಈ ಕಡೆ ಒಂದು ಕಿಟಕಿ ಇದೆ. ಹಿರಿಯರೆಲ್ಲ ಅಲ್ಲಿ ಕೂತ್ಕೊಳ್ಳಲಿ. ನಾನು ತಡೆದು ತಡೆದು ಮಾತಾಡ್ತೀನಿ. ನೀವು ಕಿಟಕಿ ಹತ್ರ ಕೂತು ಕೇಳಿಸ್ಕೊಂಡು ಇವರಿಗೆ ಹೇಳ್ತೀರಾಮ್ಮಾ?" ಎಂದು ಕೇಳಿದರು.

ಆ ಕೋಣೆ ಮುರಿದ ಬೆಂಚು, ಹಳೇ ಪರದೆ ತುಂಬಿದ ಉಗ್ರಾಣ. ಮೈಕಮ್ಮ ಮನೆಗೆ ಬಂದವಳೇ ಸೊಸೆಯ ಮುಂದೆ ಗುಡುಗಿದಳು, "ಗುಜರಿ ಕೋಣೆ ಕೊಟ್ಟಿದ್ದಾರೆ, ಗುಜರಿ! ಎಲ್ಲರ ಜೊತೆ ಕೂರಿಸೋಕೆ ಇವರಿಗೇನು ಧಾಡಿ? ಆ ಸ್ಪೀಕರು ಸರಿ ಮಾಡೋವರೆಗೂ ನಾನು ಸುಮ್ಮನಿರಲ್ಲ." ಹೀಗೆ ಬೈಯುತ್ತಲೇ ಬಗ್ಗಿ, ಮಂಚದ ಕೆಳಗಿನ ಗಡಿಯಾರವನ್ನು ಎಳೆದು ಧೂಳು ಒರೆಸಿದಳು. "ಭಾನುವಾರ ಬೇಗ ಏಳ್ಬೇಕು. ಇದಕ್ಕೊಂದು ಸೆಲ್ ತರಿಸು."

ಆ ರಾತ್ರಿ ಮಲಗುವ ಮುಂಚೆ ಅವಳು ಕರ್ಕೊಂಡುಬಿಡು ಎನ್ನಲಿಲ್ಲ. "ಕರ್ತನೇ, ಬಸ್ಸಿನ ನೆಪದಲ್ಲಿ ಇಷ್ಟು ವರ್ಷ ನನ್ನನ್ನ ತಯಾರು ಮಾಡ್ತಿದ್ದೆ ಅಂತ ಮೊದಲೇ ಹೇಳ್ಬಾರ್ದಿತ್ತಾ? ಸುಮ್ನೆ ಅಳಿಸಿದೆ" ಎಂದು ಆತನ ಮೇಲೂ ಸಿಟ್ಟು ಮಾಡಿದಳು. ಆಮೇಲೆ ದನಿ ಇಳಿಸಿ, "ಗಂಟಲು ಮಾತ್ರ ಇನ್ನೊಂದಷ್ಟು ದಿನ ಗಟ್ಟಿ ಇಡು" ಎಂದಳು. ಅದನ್ನು ಎರಡು ಸಲ ಹೇಳಿದಳು.

ಆ ಕೋಣೆಯ ಕಿಟಕಿಯ ಕೀಲು ತುಕ್ಕು ಹಿಡಿದಿದೆ, ಅದರ ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ. ಶನಿವಾರ ನಾನು ಎಣ್ಣೆ, ಹಳೇ ಬಟ್ಟೆ ತೆಗೆದುಕೊಂಡು ಹೋಗಿ ಅದು ಪೂರ್ತಿ ತೆರೆಯುವ ಹಾಗೆ ಮಾಡುತ್ತೇನೆ.